ಹರೆಯಕ್ಕೆ ತಿಳಿವಳಿಕೆಯೇ ಕಾವಲು

ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಪುರುಷಾರ್ಥಗಳೆಂದು ಎಣಿಸಿದ ಪೂರ್ವಸೂರಿಗಳು ಕಾಮವನ್ನು ಆ ಎಣಿಕೆಯಿಂದ ಕೈಬಿಡಲಿಲ್ಲ; ಧರ್ಮದ ಅಂಕೆಯೊಳಗೆ ಅದಕ್ಕೊಂದು ಸ್ಥಾನವಿತ್ತರು. ನಮ್ಮ ಶಾಲೆಗಳಾದರೋ ಆ ಮಾತು ಬಂದೊಡನೆ ಮೌನವನ್ನು ತಾಳುತ್ತವೆ. ಈ ಮೌನವು ಮಕ್ಕಳನ್ನು ಕಾಯುವುದೆಂಬುದು ಭ್ರಮೆಯೆಂದೇ ನನ್ನ ಅಭಿಮತ.

2005ರಲ್ಲಿ ಕೇಂದ್ರ ಸರ್ಕಾರವು ಹದಿಹರೆಯದವರಿಗಾಗಿ ಶಿಕ್ಷಣ ಕಾರ್ಯಕ್ರಮವೊಂದನ್ನು ಶಾಲೆಗಳಿಗೆ ತಂದಿತು. ಅದು ನಮ್ಮ ಸಂಸ್ಕೃತಿಗೆ ಒಗ್ಗದೆಂಬ ಕೂಗೆದ್ದು, 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಪಾಠದಲ್ಲಿ ಅನುಚಿತವಾದುದಿದ್ದರೆ ತಿದ್ದಬಹುದಾಗಿತ್ತು. ಕಳೆಯೊಡನೆ ಪೈರನ್ನೂ ಕಿತ್ತಂತಾಯಿತು.

ನಮ್ಮ ಸೀಮೆಯನ್ನೇ ನೋಡೋಣ. ಹಿರಿಯೂರು, ಹೊಸದುರ್ಗಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿರಿಸುವ ರೂಢಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯವು 2017ರಲ್ಲಿ ಮಾಡಿದ ಕಾನೂನು ಇಂತಹ ಬಲವಂತವನ್ನು ಅಪರಾಧವೆನ್ನುತ್ತದೆ. ಕಾನೂನು ಹಟ್ಟಿಯ ಬಾಗಿಲವರೆಗೆ ಬಂದೀತು. ಮನಸ್ಸಿನ ಬಾಗಿಲನ್ನು ತೆರೆಯಬೇಕಾದವನು ಅಧ್ಯಾಪಕ. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. 12ನೆಯ ಶತಮಾನದಲ್ಲಿ ಆಡಿದ ಮಾತನ್ನು ಮಠದ ಶಾಲೆಯೊಂದು ಇಂದು ಆಡಲು ಅಂಜಬೇಕೆ?

ಇನ್ನು ಗಂಡುಮಕ್ಕಳ ಮಾತು. 2012ರ ಪೋಕ್ಸೊ ಕಾಯಿದೆಯಂತೆ 18 ವರ್ಷ ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇದನ್ನರಿಯದ ತರುಣನು ಪ್ರೇಮವೆಂದು ಹೊರಟು ಸೆರೆಮನೆಯನ್ನು ಸೇರಿದ ಮೇಲೆ ಪಾಠ ಹೇಳಿ ಫಲವೇನು? ಒಂಬತ್ತನೆಯ ತರಗತಿಯಿಂದಲೇ ಈ ಕಾಯಿದೆಯನ್ನು ಬೋಧಿಸುವ ವ್ಯವಸ್ಥೆಯಾಗಬೇಕೆಂದು 2022ರ ನವೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ನಿರ್ದೇಶಿಸಿತು.

ಅರಿವು ನೀಡಿದರೆ ಮಕ್ಕಳು ಕೆಡುವರೆಂಬ ಆಕ್ಷೇಪವುಂಟು. ಯುನೆಸ್ಕೊ 2018ರಲ್ಲಿ ಹೊರತಂದ ಮಾರ್ಗದರ್ಶಿಯು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಇಂತಹ ಶಿಕ್ಷಣದಿಂದ ಸ್ವೇಚ್ಛೆ ಹೆಚ್ಚದೆಂದೇ ಹೇಳಿದೆ. ಮಕ್ಕಳಿಗೆ ತಿಳಿಯುವುದಂತೂ ತಿಳಿಯುತ್ತದೆ. ಗುರುವಿನಿಂದಲೋ, ಕೈಯೊಳಗಿನ ಮೊಬೈಲಿನಿಂದಲೋ ಎಂಬುದೊಂದೇ ಪ್ರಶ್ನೆ.

ಇಲ್ಲಿ ಕನ್ನಡ ಪಂಡಿತನ ಹೊಣೆಯೂ ಇದೆ. ದೇಹದ ಅಂಗಗಳಿಗೆ ಬೀದಿಯ ಬೈಗುಳವಲ್ಲದೆ ಬೇರೆ ಮಾತನ್ನರಿಯದ ಮಗು, ತನಗಾದ ಅನ್ಯಾಯವನ್ನು ಯಾವ ಬಾಯಿಂದ ಹೇಳೀತು? ಋತುಸ್ರಾವ, ಗರ್ಭಕೋಶ, ಜನನೇಂದ್ರಿಯ ಮುಂತಾದ ಗೌರವದ ಮಾತುಗಳನ್ನು ಸಂಕೋಚವಿಲ್ಲದೆ ಕಲಿಸೋಣ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಹೆಣ್ಣುಮಕ್ಕಳಿಗೆ ಅಧ್ಯಾಪಕಿಯರು, ಗಂಡುಮಕ್ಕಳಿಗೆ ಅಧ್ಯಾಪಕರು ತಿಂಗಳಿಗೊಮ್ಮೆ, ವೈದ್ಯರ ನೆರವಿನೊಡನೆ, ಪಾಠ ಹೇಳಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ನೀರಿರುವ ಶೌಚಾಲಯಕ್ಕೆ ಸಲ್ಲಲಿ. ಇಷ್ಟಾದರೆ, ಹರೆಯಕ್ಕೆ ಕಾಲಿಟ್ಟ ಮಕ್ಕಳು ಅಂಜಿಕೆಯಿಂದ ಶಾಲೆಯನ್ನು ಬಿಡುವುದು ತಪ್ಪೀತು.