ಶಿಸ್ತು ಹುಡುಗಿಯರಿಗೆ ಮಾತ್ರವೇ?

ಹದಿಹರೆಯದ ಪ್ರೇಮದ ಚಿತ್ರವೆಂದೊಡನೆ ಹೆತ್ತವರು ಮುಖ ತಿರುಗಿಸುವುದು ಸಹಜ. ಶುಚಿ ತಲಾಟಿಯವರ ಪ್ರಥಮ ಕಥಾಚಿತ್ರ ‘ಗರ್ಲ್ಸ್ ವಿಲ್ ಬಿ ಗರ್ಲ್ಸ್’ 2024ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗಳಿಸಿತು. ಅದರಲ್ಲಿ ಮುಚ್ಚುಮರೆಯಿಲ್ಲದ ದೃಶ್ಯಗಳಿವೆ. ಮಕ್ಕಳೊಂದಿಗೆ ಕುಳಿತು ನೋಡಿರೆಂದು ನಾವು ಹೇಳಲಾರೆವು. ಆದರೆ ಹೆತ್ತವರು ನೋಡಬೇಕು.

ಕಥೆ ನಡೆಯುವುದು ಹಿಮಾಲಯದ ಮಡಿಲಿನ ವಸತಿ ಶಾಲೆಯೊಂದರಲ್ಲಿ. ಹದಿನಾರರ ಮೀರಾ ಅಲ್ಲಿ ವಿದ್ಯಾರ್ಥಿ ಮುಖ್ಯಸ್ಥೆಯಾದ ಮೊದಲ ಹುಡುಗಿ. ಸಹಪಾಠಿನಿಯರ ಸಮವಸ್ತ್ರದ ಶಿಸ್ತನ್ನು ನೋಡಿಕೊಳ್ಳುವ ಹೊಣೆಯೂ ಅವಳದೇ. ಹುಡುಗರು ಕದ್ದು ಹುಡುಗಿಯರ ಚಿತ್ರ ತೆಗೆಯುತ್ತಾರೆ. ಬುದ್ಧಿವಾದ ಮಾತ್ರ ಹುಡುಗಿಯರ ಪಾಲಿಗೆ! ಇಂತಹ ನ್ಯಾಯ ಆ ಶಾಲೆಯೊಂದರದ್ದೇನೂ ಅಲ್ಲ. ಮಗಳ ಫೋನಿನಲ್ಲಿ ಒಂದು ಸಂದೇಶ ಕಂಡರೆ ಕಾಲೇಜು ಬಿಡಿಸಿ ವರ ಹುಡುಕುವ ಮನೆಗಳಲ್ಲಿ ಮಗನ ಫೋನನ್ನು ಎಷ್ಟು ಮಂದಿ ತೆರೆದು ನೋಡಿದ್ದಾರೆ?

ಹೊಸದಾಗಿ ಬಂದ ಶ್ರೀನಿವಾಸನೊಂದಿಗೆ ಮೀರಾಳ ಸ್ನೇಹ ಅನುರಾಗಕ್ಕೆ ತಿರುಗುತ್ತದೆ. ತಾಯಿ ಅನಿಲಾ ಗದರುವುದಿಲ್ಲ. ಹುಡುಗನನ್ನು ಮನೆಗೇ ಕರೆಸಿ, ಉಣಬಡಿಸಿ, ಕಣ್ಣೆದುರೇ ಓದಲು ಕೂರಿಸುತ್ತಾಳೆ. ಜಾಣ್ಮೆಯ ಕ್ರಮವೆಂದೇ ನಮಗೂ ತೋರಿತು. ಕ್ರಮೇಣ ಅವನ ಆದರಕ್ಕೆ ತಾಯಿಯೇ ಹಂಬಲಿಸತೊಡಗುತ್ತಾಳೆ, ಮಗಳು ಮೂಲೆಗೆ ಸರಿಯುತ್ತಾಳೆ. ತನ್ನ ಹರೆಯವನ್ನು ಸವಿಯಲು ಅವಕಾಶವೇ ದೊರೆಯದ ಹೆಣ್ಣಿನ ಈ ಪಾತ್ರವನ್ನು ಕನಿ ಕುಸೃತಿ ಅತ್ಯಂತ ಸಂಯಮದಿಂದ ನಿರ್ವಹಿಸಿದ್ದಾರೆ. ನಿರ್ದೇಶಕಿ ಅವಳನ್ನು ದುಷ್ಟೆಯಾಗಿಸಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹದಿನೆಂಟು ತುಂಬುವ ಮುನ್ನವೇ ಓದು ನಿಲ್ಲಿಸಿ ಮದುವೆಯಾದ ತಾಯಂದಿರಿದ್ದಾರೆ. ಮಗಳನ್ನು ಅವರು ಕಾಯುವುದನ್ನು ಕಂಡಿದ್ದೇವೆ. ಅವರ ಹರೆಯದ ಬಗ್ಗೆ ಇಂದಿನವರೆಗೆ ಕೇಳಿದವರಿಲ್ಲ.