ಗೊಂಬೆಯ ಮೆಟ್ಟಿಲ ಮೇಲೆ ಕಿತ್ತಳೆ ತ್ರಿಕೋನ

ಕಳೆದ ನವರಾತ್ರಿಯಲ್ಲಿ ನಮ್ಮ ಬಳಗದ ಸಾಮೂಹಿಕ ಗೊಂಬೆ ಪ್ರದರ್ಶನಕ್ಕೆ ಬಂದವರಿಗೆ ಒಂದು ಸಣ್ಣ ಸಂಗತಿ ನೆನಪಿರಬಹುದು. ಪಟ್ಟದ ಗೊಂಬೆಗಳು, ದಶಾವತಾರ, ಸೆಟ್ಟಿ ದಂಪತಿಯ ಅಂಗಡಿ, ಚನ್ನಪಟ್ಟಣದ ಮದುವೆ ದಿಬ್ಬಣ ಎಲ್ಲವೂ ತಮ್ಮ ತಮ್ಮ ಮೆಟ್ಟಿಲುಗಳಲ್ಲಿ ವಿರಾಜಮಾನವಾಗಿದ್ದವು. ಕೆಳಗೆ, ಮಕ್ಕಳಿಗೆಂದು ಬಿಟ್ಟ ಜಾಗದಲ್ಲಿ, ಗಾಳಿಯಂತ್ರ ಮತ್ತು ಟ್ಯೂಲಿಪ್ ತೋಟದ ಪಕ್ಕದಲ್ಲಿ ಅಂಗೈಯಗಲದ ಒಂದು ವಿಮಾನವಿತ್ತು. ಕಂದು, ಹಸಿರು, ಮರಳುಬಣ್ಣಗಳು ಬೆರೆತ ಮೈ. ರೆಕ್ಕೆಗಳ ಮೇಲೆ ಕಪ್ಪು ಅಂಚಿನ ಕಿತ್ತಳೆ ತ್ರಿಕೋನ. ಮೊದಲ ದಿನ ಅದು ಅಲ್ಲಿತ್ತು, ಎರಡನೆಯ ದಿನ ಇರಲಿಲ್ಲ.

ಅದನ್ನು ತೆಗೆಸಿದವರು ಸಮಿತಿಯ ಹಿರಿಯ ಸದಸ್ಯೆ. ನಾವೆಲ್ಲ ಅಕ್ಕ ಎಂದು ಕರೆಯುವವರು. "ಹಬ್ಬದ ಮನೇಲಿ ಯುದ್ಧದ ವಿಮಾನ ಬೇಡಪ್ಪಾ. ಶಾಂತಿ ಅರಮನೆ ಇರೋ ಊರಲ್ಲಿದ್ದೀವಿ. ಮಕ್ಕಳಿಗೆ ಮಾಡೋಕೆ ಬೇರೇನೂ ಸಿಗಲಿಲ್ವಾ?" ಎಂದರು. ವಿಮಾನವನ್ನು ಕಟ್ಟಿದವನು ನನ್ನ ಮಗ. ಅವನಿಗೆ ಹನ್ನೊಂದು ವರ್ಷ. ಅದನ್ನು ಚಪ್ಪಲಿ ಪೆಟ್ಟಿಗೆಯೊಂದರಲ್ಲಿ ಇಟ್ಟುಕೊಂಡು ಮೌನವಾಗಿ ಮನೆಗೆ ಬಂದನು. ಅಂದು ನಾನೂ ಮಾತಾಡಲಿಲ್ಲ. ಹಬ್ಬದ ನಡುವೆ ವಾದ ಮಾಡುವುದು ಸಲ್ಲದು. ಈ ವರ್ಷದ ಗೊಂಬೆಗೆ ಸಿದ್ಧತೆ ಆರಂಭವಾಗುವ ಮುನ್ನ ನನ್ನ ಅಭಿಪ್ರಾಯವನ್ನು ಸದಸ್ಯಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಆ ತ್ರಿಕೋನದ ವಿಚಾರ. ಅದು ಫೋಕ್ಕರ್ ಡಿ-21 ಎಂಬ ಡಚ್ ಯುದ್ಧವಿಮಾನದ ಮಾದರಿ. 1939ರ ಶರತ್ಕಾಲದವರೆಗೆ ಡಚ್ ಸೈನಿಕ ವಿಮಾನಗಳ ಮೇಲೆ ಕೆಂಪು, ಬಿಳಿ, ನೀಲಿ ಭಾಗಗಳ ನಡುವೆ ಕಿತ್ತಳೆ ಬೊಟ್ಟಿದ್ದ ವೃತ್ತವಿರುತ್ತಿತ್ತು. ಯೂರೋಪಿನಲ್ಲಿ ಯುದ್ಧ ಆರಂಭವಾದಾಗ ಈ ದೇಶ ತಟಸ್ಥವಾಗಿ ಉಳಿಯಲು ಬಯಸಿತು. ಆದರೆ ಬ್ರಿಟಿಷರ ವಿಮಾನಗಳಲ್ಲಿಯೂ ಫ್ರೆಂಚರ ವಿಮಾನಗಳಲ್ಲಿಯೂ ಇದ್ದುದು ಅವೇ ಮೂರು ಬಣ್ಣಗಳ ವೃತ್ತಗಳು. ಆಕಾಶದಲ್ಲಿ ದೂರದಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದೆಂತು? ಆದಕಾರಣ ಅದೇ ಅಕ್ಟೋಬರ್ ತಿಂಗಳಿನಿಂದ ವೃತ್ತವನ್ನು ಅಳಿಸಿ, ಬೇರೆ ಯಾರ ಬಳಿಯೂ ಇಲ್ಲದ ಕಿತ್ತಳೆ ತ್ರಿಕೋನವನ್ನು ಬರೆದರು. ಬಾಲದ ಚುಕ್ಕಾಣಿಗೂ ಕಿತ್ತಳೆ ಬಳಿದರು. "ನಾವು ಯಾರ ಪಕ್ಷದವರೂ ಅಲ್ಲ, ದಯವಿಟ್ಟು ಗುಂಡು ಹಾರಿಸಬೇಡಿ" ಎಂಬುದೇ ಆ ಬಣ್ಣದ ಅರ್ಥ. ಅಕ್ಕ ಹಬ್ಬದ ಮನೆಯಿಂದ ಹೊರಗಿಟ್ಟದ್ದು ಈ ಗುರುತನ್ನು.

ಆ ಗುರುತು ದೇಶವನ್ನು ಕಾಪಾಡಲಿಲ್ಲ. 1940ರ ಮೇ 10ರ ಮುಂಜಾವಿನಲ್ಲಿ ಜರ್ಮನ್ ವಿಮಾನಗಳು ದ ಹೇಗ್ ಸುತ್ತಲಿನ ಮೂರು ವಿಮಾನ ನಿಲ್ದಾಣಗಳ ಮೇಲೆ ಎರಗಿದವು: ಫಾಲ್ಕನ್‌ಬರ್ಗ್, ಓಕನ್‌ಬರ್ಗ್, ಐಪೆನ್‌ಬರ್ಗ್. ಪ್ಯಾರಾಚೂಟ್ ಸೈನಿಕರನ್ನು ಇಳಿಸಿ, ನಗರವನ್ನು ಹೊಕ್ಕು, ರಾಣಿ ವಿಲ್ಹೆಲ್ಮಿನಾ ಅವರನ್ನೂ ಸರ್ಕಾರವನ್ನೂ ಸೆರೆಹಿಡಿಯುವುದು ಅವರ ಉದ್ದೇಶವಾಗಿತ್ತು. ಐಪೆನ್‌ಬರ್ಗ್‌ನಿಂದ ಕಿತ್ತಳೆ ತ್ರಿಕೋನದ ಡಿ-21ಗಳು ಮೇಲೆದ್ದು ಹೋರಾಡಿದವು. ಅಂದೇ ಡಚ್ ಸೈನಿಕರು ಮೂರೂ ನಿಲ್ದಾಣಗಳನ್ನು ಮರಳಿ ಪಡೆದರು, ರಾಣಿ ಸೆರೆಸಿಕ್ಕಲಿಲ್ಲ. ಆದರೆ ಮೇ 14ರಂದು ರೋಟರ್‌ಡ್ಯಾಮ್ ನಗರದ ಮೇಲೆ ಬಾಂಬುಗಳು ಬಿದ್ದವು, ದೇಶ ಶರಣಾಯಿತು.

ಐಪೆನ್‌ಬರ್ಗ್ ಎಂದರೆ ಯಾವುದು? ನಮ್ಮ ಮನೆ ಇರುವ ಬಡಾವಣೆಯೇ ಅದು. ತೊಂಬತ್ತರ ದಶಕದಲ್ಲಿ ನಿಲ್ದಾಣ ಮುಚ್ಚಿದ ಮೇಲೆ ಅಲ್ಲಿ ಮನೆಗಳೆದ್ದವು. 2002ರಲ್ಲಿ ಅದು ದ ಹೇಗ್ ನಗರಸಭೆಗೆ ಸೇರಿತು. 1936ರ ಹಳೆಯ ನಿಲ್ದಾಣ ಕಟ್ಟಡ ಇಂದಿಗೂ ನಿಂತಿದೆ. ಅಲ್ಲಿ ಐದು ವರ್ಷ ವಾಸವಾಗಿದ್ದ ನನಗೆ ಇದೊಂದೂ ತಿಳಿದಿರಲಿಲ್ಲ. ಶಾಲೆಗೆ ಹೋಗುವ ದಾರಿ ಒಂದು ಕಾಲದಲ್ಲಿ ವಿಮಾನದ ಬಯಲಾಗಿತ್ತು ಎಂದು ನನಗೆ ತಿಳಿಸಿದವನು ಮಗ. ಅವನಿಗೆ ತಿಳಿಸಿದ್ದು ಆ ಕಿಟ್ಟಿನ ಪೆಟ್ಟಿಗೆ.

ಮಾದರಿ ವಿಮಾನ ಕಟ್ಟುವುದು ಆಟಿಕೆ ಜೋಡಿಸಿದಂತೆ ಎಂದು ತಿಳಿದವರಿಗಾಗಿ ಎರಡು ಮಾತು. ಸಾಮಾನ್ಯ ಅಳತೆ 72ರಲ್ಲಿ ಒಂದು ಪಾಲು. ಆರಡಿ ಎತ್ತರದ ಮನುಷ್ಯ ಅದರಲ್ಲಿ ಒಂದು ಇಂಚು ಆಗುತ್ತಾನೆ. ಹನ್ನೊಂದು ಮೀಟರ್ ರೆಕ್ಕೆಯಗಲದ ಡಿ-21 ಹದಿನೈದು ಸೆಂಟಿಮೀಟರ್ ಆಗುತ್ತದೆ. ಪ್ಲಾಸ್ಟಿಕ್ ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಕತ್ತರಿಸಿ, ಅಂಟಿಸಿ, ಸಂದುಗಳನ್ನು ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸುವುದರಲ್ಲೇ ಹಲವು ಶನಿವಾರಗಳು ಕಳೆಯುತ್ತವೆ. ಆಮೇಲೆ ಬಣ್ಣ. ಕಿತ್ತಳೆ ಮತ್ತು ಹಳದಿ ಬಹಳ ಹಟಮಾರಿ ಬಣ್ಣಗಳು. ಗಾಢವಾದ ಬಣ್ಣದ ಮೇಲೆ ಬಳಿದರೆ ಕೆಸರಿನಂತೆ ಕಾಣುತ್ತವೆ. ಆದ್ದರಿಂದ ಮೊದಲು ಬಿಳಿಯನ್ನು ಬಳಿದು, ಒಣಗಿಸಿ, ಅದರ ಮೇಲೆ ತೆಳುವಾಗಿ ಮೂರು ನಾಲ್ಕು ಸಲ ಕಿತ್ತಳೆಯನ್ನು ಎಳೆಯಬೇಕು. ತ್ರಿಕೋನದ ಅಂಚು ನೇರವಾಗಿರಬೇಕಾದರೆ ಮಾಸ್ಕಿಂಗ್ ಟೇಪನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಹಚ್ಚಬೇಕು. ಗುರುತುಗಳು ಡೆಕಾಲ್ ರೂಪದಲ್ಲಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಜಾರಿಸಬೇಕು. ಆದರೆ ಅದಕ್ಕೂ ಮುನ್ನ ಮೈಗೆ ಹೊಳಪಿನ ವಾರ್ನಿಷ್ ಕೊಡದಿದ್ದರೆ ಡೆಕಾಲಿನ ಅಡಿಯಲ್ಲಿ ಗಾಳಿ ಸೇರಿ ಬೆಳ್ಳಿಯಂತೆ ಮಿನುಗಿ ಎಲ್ಲ ಕೆಡುತ್ತದೆ. ನಮ್ಮ ಮೊದಲ ವಿಮಾನ ಹಾಗೆಯೇ ಕೆಟ್ಟಿತು. (ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಮನೆಗಳಲ್ಲಿ ಮಕ್ಕಳಿಗೆ ಎನಾಮೆಲ್ ಬಣ್ಣ, ತಿನ್ನರ್ ಕೊಡಬೇಡಿ, ನೀರಿನಲ್ಲಿ ಕರಗುವ ಅಕ್ರಿಲಿಕ್ ಸಾಕು.)

ಇಷ್ಟು ನಿಧಾನವಾಗಿ ಒಂದು ಗುರುತನ್ನು ಬರೆಯುವವನಿಗೆ ಅದು ಏಕಿದೆ ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ವಿಡಿಯೋ ಆಟದಲ್ಲಿ ಅರ್ಧ ಗಂಟೆಗೆ ಇಪ್ಪತ್ತು ವಿಮಾನ ಉರುಳಿಸುವ ಹುಡುಗನೇ, ಒಂದು ಇಂಚಿನ ಚಾಲಕನನ್ನು ಚಿಮಟದಲ್ಲಿ ಹಿಡಿದು ಆಸನದಲ್ಲಿ ಕೂರಿಸುವಾಗ "ಇವ್ನು ವಾಪಸ್ ಬಂದ್ನಾ ಅಪ್ಪ?" ಎಂದು ಕೇಳಿದನು. ಅಕ್ಕನ ಆಕ್ಷೇಪಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಉತ್ತರ ಈ ಪ್ರಶ್ನೆಯೇ.

ಹಾಗೆಂದು ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಕಿಟ್ ಪೆಟ್ಟಿಗೆಗಳ ಮೇಲಿನ ಚಿತ್ರಗಳನ್ನು ನೋಡಿ: ಬೆಂಕಿ, ಹೊಗೆ, ಶತ್ರುವಿನ ವಿಮಾನ ಕೆಳಗುರುಳುವ ದೃಶ್ಯ. ಸತ್ತವರು ಮಾತ್ರ ಪೆಟ್ಟಿಗೆಯೊಳಗೆ ಬರುವುದಿಲ್ಲ. "ಮಹಾನವಮಿಯಂದು ಆಯುಧಪೂಜೆ ಮಾಡುವವರಲ್ಲವೇ ನಾವು?" ಎಂದು ನಾನು ಕೇಳಿದಾಗ ಅಕ್ಕ ತಟ್ಟನೆ, "ಈಗ ನಾವು ಪೂಜೆ ಮಾಡೋದು ಸೈಕಲ್ಲು, ಲ್ಯಾಪ್‌ಟಾಪು. ಕತ್ತಿ ಎಲ್ಲಿದೆ ನಿಮ್ಮನೇಲಿ?" ಎಂದರು. ಅಲ್ಲಿಗೆ ನನ್ನ ವಾದ ಮುರಿದುಬಿತ್ತು. ಬರಿಯ ವಿಮಾನವನ್ನು, ಯಾವ ವಿವರಣೆಯೂ ಇಲ್ಲದೆ ಗೊಂಬೆಗಳ ನಡುವೆ ಇಟ್ಟದ್ದು ನಮ್ಮ ತಪ್ಪೇ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಅದೇ ಪೆಟ್ಟಿಗೆಯಲ್ಲಿ ಎರಡು ದೇಶಗಳ ಗುರುತುಗಳಿದ್ದವು. ಫಿನ್‌ಲೆಂಡ್ ಕೂಡ ಡಿ-21ಗಳನ್ನು ಹಾರಿಸಿ 1939-40ರ ಚಳಿಗಾಲದ ಯುದ್ಧದಲ್ಲಿ ಸೋವಿಯತ್ ವಿಮಾನಗಳನ್ನು ಎದುರಿಸಿತು. ಇಂದು ಉಳಿದಿರುವ ಮೂಲ ಡಿ-21 ಇರುವುದೂ ಆ ದೇಶದ ವಾಯುಪಡೆ ಸಂಗ್ರಹಾಲಯದಲ್ಲಿ. ಅವರ ಗುರುತು ಬಿಳಿ ವೃತ್ತದಲ್ಲಿ ನೀಲಿ ಸ್ವಸ್ತಿಕ. 1918ರಲ್ಲಿ ಸ್ವೀಡನ್ನಿನ ಎರಿಕ್ ಫಾನ್ ರೋಸೆನ್ ಎಂಬ ಶ್ರೀಮಂತನು ಫಿನ್‌ಲೆಂಡಿಗೆ ವಿಮಾನವೊಂದನ್ನು ಉಡುಗೊರೆಯಾಗಿ ಕೊಟ್ಟಾಗ, ತನ್ನ ಅದೃಷ್ಟದ ಚಿಹ್ನೆಯೆಂದು ಅದರ ಮೇಲೆ ಬರೆಸಿದ್ದು ಅದು. ಹಿಟ್ಲರನ ಪಕ್ಷ ಹುಟ್ಟುವುದಕ್ಕೂ ಮೊದಲಿನ ಮಾತು. 1945ರವರೆಗೆ ಆ ದೇಶದ ವಿಮಾನಗಳಲ್ಲಿ ಅದು ಉಳಿಯಿತು. ಡೆಕಾಲ್ ಹಾಳೆಯಲ್ಲಿ ಸ್ವಸ್ತಿಕ ಎರಡು ತುಂಡುಗಳಾಗಿ ಮುದ್ರಿತವಾಗಿತ್ತು. ಜರ್ಮನಿಯಂತಹ ದೇಶಗಳ ಕಾನೂನಿಗೆ ಹೆದರಿ ಹಾಗೆ ಮುದ್ರಿಸುವ ರೂಢಿಯಿದೆ.

ವಿಡಿಯೋ ಕರೆಯಲ್ಲಿ ಇದನ್ನು ನೋಡಿದ ಮಗನ ಅಜ್ಜಿ, "ಎಷ್ಟು ಲಕ್ಷಣವಾಗಿದೆ, ಅದನ್ನೇ ಹಚ್ಚು ಮರಿ" ಎಂದರು. ಅವರ ಹೊಸಿಲಿನ ಮೇಲೆ ನಿತ್ಯವೂ ಬರೆಯುವ ಚಿಹ್ನೆಯದು. ಆದರೆ ಈ ನಾಡಿನಲ್ಲಿ ಅದನ್ನು ಕಂಡು ಎದೆ ಒಡೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ನಮ್ಮ ನೆರೆಹೊರೆಯಲ್ಲಿದ್ದಾರೆ. ನಮ್ಮ ಗೊಂಬೆ ನೋಡಲೂ ಬರುತ್ತಾರೆ. ಫಿನ್ನಿಷ್ ವಿಮಾನವನ್ನು ಮಗನ ಮೇಜಿನ ಮೇಲೆ ಕಟ್ಟಬಹುದು, ಸಭಾಂಗಣಕ್ಕೆ ತರಬಾರದು ಎಂದು ನಾನು ತೀರ್ಮಾನಿಸಿದೆ. ಇತಿಹಾಸವನ್ನು ಮುಚ್ಚಬಾರದೆಂದು ವಾದಿಸುವವನೇ ಇಲ್ಲಿ ಒಂದನ್ನು ಮುಚ್ಚಿದೆನಲ್ಲ ಎಂದು ಯಾರಾದರೂ ಕೇಳಿದರೆ, ಹೌದು ಎಂದೇ ಹೇಳಬೇಕಾಗುತ್ತದೆ. ತ್ರಿಕೋನದ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು. ಸ್ವಸ್ತಿಕದ ಕಥೆ ಹೇಳಿ ಮುಗಿಸುವ ಮುನ್ನವೇ ನೋಡಿದವರಿಗೆ ನೋವಾಗಿರುತ್ತದೆ.

ಇನ್ನು ನಮ್ಮ ಊರಿನ ಕಡೆ ಬರೋಣ. ಐಪೆನ್‌ಬರ್ಗ್ ಮೇಲೆ ಬಾಂಬು ಬಿದ್ದ ಅದೇ 1940ರ ಡಿಸೆಂಬರಿನಲ್ಲಿ, ಮೈಸೂರು ಸಂಸ್ಥಾನದ ನೆರವಿನೊಡನೆ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಇಂದಿನ ಎಚ್‌ಎಎಲ್ ಅದು. ವಿ. ಎಂ. ಘಾಟಗೆ ಅವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1961ರ ಜೂನ್ 17ರಂದು ಮಾರುತ್ ಹಾರಿತು. ಅದರ ವಿನ್ಯಾಸಕ ಕುರ್ಟ್ ಟ್ಯಾಂಕ್, ಯುದ್ಧಕಾಲದಲ್ಲಿ ಜರ್ಮನಿಯ ಫೋಕ್-ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದವನೇ! ಒಂದೇ ಕೈ ಎಳೆದ ಗೆರೆಗಳ ಮೇಲೆ ಎಂಥ ಭಿನ್ನ ಗುರುತುಗಳು. ಬೀದರಿನಲ್ಲಿ 1996ರಲ್ಲಿ ಸೂರ್ಯಕಿರಣ್ ತಂಡ ರೂಪುಗೊಂಡಿತು. ಬೆಂಗಳೂರಿನಲ್ಲಿ ತಯಾರಾದ ಕಿರಣ್ ವಿಮಾನಗಳಲ್ಲಿ ಹಾರಿ, ಈಗ ಕೆಂಪು-ಬಿಳಿ ಹಾಕ್ ವಿಮಾನಗಳಲ್ಲಿ ಹಾರುತ್ತಿದೆ. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರುಗಳ ಮೈಮೇಲೆ ನವಿಲೇ ಇದೆ. ಗೊಂಬೆಯ ಮೆಟ್ಟಿಲಿಗೆ ಇದಕ್ಕಿಂತ ಒಪ್ಪುವ ಬಣ್ಣ ಯಾವುದು?

ಇಲ್ಲಿನ ಅಂಗಡಿಗಳಲ್ಲಿ ಏರ್‌ಫಿಕ್ಸ್, ರೆವೆಲ್, ತಮಿಯಾ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಇರುತ್ತವೆ. ಅವುಗಳ ನಡುವೆ ಮಾರುತ್ ಅನ್ನು ನಾನು ಒಮ್ಮೆಯೂ ಕಂಡಿಲ್ಲ. ಬ್ರಿಟಿಷ್ ರೆಡ್ ಆರೋಸ್ ತಂಡದ ಹಾಕ್ ಸುಲಭವಾಗಿ ಸಿಗುತ್ತದೆ. ಅದನ್ನು ಸೂರ್ಯಕಿರಣ್ ಆಗಿಸಬೇಕಾದರೆ ಮೂಗನ್ನು ತಿದ್ದಬೇಕು, ಬಣ್ಣದ ಪಟ್ಟಿಗಳನ್ನು ಕೈಯಾರೆ ಬರೆಯಬೇಕು. ಅಂಗಡಿಯಲ್ಲಿ ಕೊಳ್ಳಲಾಗದ ನಮ್ಮ ವಿಮಾನಗಳನ್ನು ನಮ್ಮ ಮಕ್ಕಳೇ ಮಾಡಿಕೊಳ್ಳಬೇಕಾಗಿದೆ.

ಇದಕ್ಕೆ ನೆರವಾಗಬಲ್ಲವರು ಪ್ರತಿ ಬೇಸಿಗೆಯಲ್ಲಿ ನಮ್ಮ ಮನೆಗಳಿಗೇ ಬರುತ್ತಾರೆ. ಮೂರು ತಿಂಗಳ ವೀಸಾದಲ್ಲಿ ಬಂದು, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತು ಟ್ರಾಮ್ ಎಣಿಸುವ ತಂದೆ-ತಾಯಂದಿರಲ್ಲಿ ಎಚ್‌ಎಎಲ್ ನಿವೃತ್ತರೂ ಇದ್ದಾರೆ. ಹೋದ ಬೇಸಿಗೆಯಲ್ಲಿ ಅಂಥ ಒಬ್ಬ ಹಿರಿಯರು ನಮ್ಮ ಮನೆಗೆ ಕಾಫಿಗೆ ಬಂದಿದ್ದರು. ಮಗ ಭಾರತೀಯ ವಾಯುಪಡೆಯ ವೃತ್ತ ಬರೆಯುತ್ತಿದ್ದನು. ಹಸಿರನ್ನು ಹೊರಗೆ, ಕೇಸರಿಯನ್ನು ಒಳಗೆ ಬಳಿದಿದ್ದನು. ಅವರು ಕನ್ನಡಕ ಸರಿಪಡಿಸಿಕೊಂಡು, "ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಒಳಗೆ ಕಣಪ್ಪಾ" ಎಂದರು. ಬಳಿಕ ಎರಡು ಗಂಟೆ ಕಾಲ ಕಿರಣ್ ವಿಮಾನದ ರಿವೆಟ್ಟುಗಳ ಬಗ್ಗೆ ಮಾತಾಡಿದರು. ಅವರ ಮಗನೇ, "ಅಪ್ಪ ಇದನ್ನೆಲ್ಲ ನನ್ನ ಹತ್ರ ಯಾವತ್ತೂ ಹೇಳಿರಲಿಲ್ಲ" ಎಂದನು.

ಆದುದರಿಂದ ಸಮಿತಿಯಲ್ಲಿ ನನ್ನ ಕೋರಿಕೆ ಇಷ್ಟು. ಈ ನವರಾತ್ರಿಯಲ್ಲಿ ಕೆಳಗಿನ ಒಂದು ಮೆಟ್ಟಿಲನ್ನು ಮಕ್ಕಳ ಮಾದರಿ ವಿಮಾನಗಳಿಗೆ ಬಿಡಬೇಕು. ಪ್ರತಿಯೊಂದರ ಮುಂದೆ ಕನ್ನಡದಲ್ಲಿಯೂ ಡಚ್ ಭಾಷೆಯಲ್ಲಿಯೂ ನಾಲ್ಕು ಸಾಲಿನ ಕಾರ್ಡು ಇರಬೇಕು: ಇದು ಯಾರ ವಿಮಾನ, ಈ ಗುರುತು ಏಕೆ, ಅದಕ್ಕೆ ಏನಾಯಿತು. ಕಾರ್ಡು ಬರೆಯದ ವಿಮಾನಕ್ಕೆ ಜಾಗವಿಲ್ಲ. ಪೆಟ್ಟಿಗೆಯ ಮೇಲಿನ ಬೆಂಕಿಯ ಚಿತ್ರಗಳು ಬೇಡ. ಬೇಸಿಗೆಯಲ್ಲಿ ಹಿರಿಯರು ಬಂದಾಗ ಎರಡು ಶನಿವಾರ ಅವರೊಡನೆ ಮಕ್ಕಳನ್ನು ಕೂರಿಸಿದರೆ ಒಂದು ಮಾರುತ್, ಒಂದು ನವಿಲಿನ ಧ್ರುವ್ ಸಿದ್ಧವಾದೀತು.

ಅಕ್ಕನಿಗೆ ಈ ಬರಹವನ್ನು ಮೊದಲೇ ತೋರಿಸಿದ್ದೇನೆ. ಅವರು ಇನ್ನೂ ಒಪ್ಪಿಲ್ಲ; "ಕಾರ್ಡು ಬರಲಿ, ಓದಿ ನೋಡ್ತೀನಿ" ಎಂದಿದ್ದಾರೆ. ಮಗ ಬರೆಯಲು ಕುಳಿತಿದ್ದಾನೆ. ಡಚ್ ಸಾಲುಗಳು ಹತ್ತು ನಿಮಿಷದಲ್ಲಿ ಮುಗಿದವು. ಕನ್ನಡದಲ್ಲಿ "ತಟಸ್ಥ" ಎಂಬ ಪದದ ಒತ್ತಕ್ಷರ ಮೂರು ಸಲ ತಪ್ಪಿ, ನಾಲ್ಕನೆಯ ಕಾರ್ಡು ಈಗ ಮೇಜಿನ ಮೇಲಿದೆ.