ಅಂಕಿ ಎಲ್ಲಿಂದ ಬಂತು ಎಂದು ಕೇಳೋಣ

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಡೇಟಾಬೇಸ್ ಮತ್ತು ಎಸ್‌ಕ್ಯೂಎಲ್ ಪಾಠಗಳಿವೆ. ಅವನ್ನು ಬೋಧಿಸಲು ಹೊರಡುವ ನಮ್ಮ ಪ್ರಶಿಕ್ಷಣಾರ್ಥಿಗಳು ಆಜ್ಞೆಗಳನ್ನು ಚೆನ್ನಾಗಿಯೇ ಕಲಿತಿರುತ್ತಾರೆ. ಆದರೆ ಆ ಡೇಟಾಬೇಸಿನ ಅಧಿಕೃತ ಕೈಪಿಡಿಯನ್ನು ತೆರೆದು ಒಂದು ಪುಟವನ್ನಾದರೂ ಓದಿದವರು ವಿರಳ. ಇದನ್ನು ಸಣ್ಣ ಕೊರತೆ ಎಂದು ಬಿಟ್ಟುಬಿಡಬಾರದು. ಕೈಪಿಡಿ ಓದುವುದನ್ನು ಅಭ್ಯಾಸ ಬೋಧನೆಯ ಒಂದು ಪಾಠವಾಗಿಯೇ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮೆಮೊರಿ ಸೆಟ್ಟಿಂಗ್‌ಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಡೇಟಾಬೇಸಿಗೆ ಎಷ್ಟು ಮೆಮೊರಿ ಕೊಡಬೇಕು ಎಂದು ಕೇಳಿದರೆ 'ಒಟ್ಟು ಮೆಮೊರಿಯ ಶೇ. 25' ಎಂದು ಒಬ್ಬರು, 'ಶೇ. 80' ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಕೈಪಿಡಿಗಳಲ್ಲೇ ಇರುವ ಅಂಕಿಗಳು. ಮೊದಲನೆಯದು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 'ಶೇರ್ಡ್ ಬಫರ್ಸ್' ಸೆಟ್ಟಿಂಗಿಗೆ ಸಂಬಂಧಿಸಿದ್ದು, ಎರಡನೆಯದು ಮೈಎಸ್‌ಕ್ಯೂಎಲ್‌ನ 'ಇನ್ನೋಡಿಬಿ ಬಫರ್ ಪೂಲ್' ಗಾತ್ರಕ್ಕೆ ಸಂಬಂಧಿಸಿದ್ದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ತನ್ನ ಬಫರಿನ ಜೊತೆಗೆ ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶ್ ಅನ್ನೂ ನೆಚ್ಚಿಕೊಂಡಿದೆ. ಆದ್ದರಿಂದ ಶೇ. 40ಕ್ಕಿಂತ ಹೆಚ್ಚು ಕೊಟ್ಟರೆ ಲಾಭವಾಗುವ ಸಂಭವ ಕಡಿಮೆ ಎಂದು ಅದರ ಕೈಪಿಡಿ ಕಾರಣ ಸಹಿತ ಹೇಳುತ್ತದೆ. ಕಾರಣ ಬಿಟ್ಟು ಅಂಕಿಯನ್ನಷ್ಟೇ ಹೊತ್ತು ತಂದವರು ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚುತ್ತಾರೆ.

ಆ ಶೇ. 25ರ ಹಿಂದೆ ಒಂದು ಷರತ್ತೂ ಇದೆ. ಕಂಪ್ಯೂಟರ್ ಡೇಟಾಬೇಸಿಗೇ ಮೀಸಲಾಗಿರಬೇಕು, ಅದರಲ್ಲಿ 1 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಮೆಮೊರಿ ಇರಬೇಕು. ಆಗ ಅದು ಆರಂಭಕ್ಕೆ ಸೂಕ್ತ ಮೌಲ್ಯ. ನಮ್ಮ ಕಾಲೇಜು ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಬ್ರೌಸರ್, ಟೈಪಿಂಗ್ ತಂತ್ರಾಂಶ ಎಲ್ಲವೂ ಒಟ್ಟಿಗೇ ನಡೆಯುತ್ತಿರುತ್ತವೆ. ಅದು ಮೀಸಲು ಕಂಪ್ಯೂಟರ್ ಅಲ್ಲ. 'ಇದ್ದರೆ', 'ಆದರೆ' ಎಂಬ ಪದಗಳನ್ನು ಹಾರಿಸಿ ಓದುವ ವಿದ್ಯಾರ್ಥಿ ಗಣಿತದ ಪ್ರಮೇಯದಲ್ಲಿ ದತ್ತ ಬಿಟ್ಟು ಸಾಧನೀಯವನ್ನಷ್ಟೇ ಬಾಯಿಪಾಠ ಮಾಡಿದವನಂತೆ.

'ವರ್ಕ್ ಮೆಮ್' ಎಂಬ ಇನ್ನೊಂದು ಸೆಟ್ಟಿಂಗ್ ತರಗತಿಗೆ ಇನ್ನೂ ಹೆಚ್ಚು ಒದಗುತ್ತದೆ. ಇದರ ಪೂರ್ವನಿಗದಿತ ಮೌಲ್ಯ 4 ಎಂಬಿ. 'ಇದು ಇಡೀ ಡೇಟಾಬೇಸಿನ ಮಿತಿ' ಎಂದು ಹಲವರು ಊಹಿಸುತ್ತಾರೆ. ಕೈಪಿಡಿಯ ಪ್ರಕಾರ ಇದು ಒಂದೊಂದು ವಿಂಗಡಣೆ ಅಥವಾ ಹ್ಯಾಶ್ ಕ್ರಿಯೆಗೆ ಇರುವ ಮಿತಿ. ಒಂದೇ ಪ್ರಶ್ನೆಯಲ್ಲಿ ಇಂಥ ಹಲವು ಕ್ರಿಯೆಗಳಿರಬಹುದು, ಹಲವರು ಏಕಕಾಲಕ್ಕೆ ಪ್ರಶ್ನೆ ಕೇಳುತ್ತಿರಬಹುದು. ಈಗ ಲೆಕ್ಕ ಮಾಡಿಸಿ: 8 ಜಿಬಿ ಮೆಮೊರಿಯ ಸರ್ವರ್, 40 ವಿದ್ಯಾರ್ಥಿಗಳು, ವರ್ಕ್ ಮೆಮ್ 256 ಎಂಬಿ. ಎಲ್ಲರೂ ದೊಡ್ಡ ಕೋಷ್ಟಕದ ಮೇಲೆ ಒಂದೊಂದು ವಿಂಗಡಣೆ ನಡೆಸಿದರೆ ಗರಿಷ್ಠ 10,240 ಎಂಬಿ, ಅಂದರೆ 10 ಜಿಬಿ ಬೇಕಾದೀತು. ಸರ್ವರಿನಲ್ಲಿ ಅಷ್ಟಿಲ್ಲ. ಈ ಗುಣಾಕಾರ ಏಳನೇ ತರಗತಿಯ ಮಗುವಿಗೂ ಬರುತ್ತದೆ. 'ಒಂದೊಂದು ಕ್ರಿಯೆಗೆ' ಎಂಬ ಪದಗಳ ಮೇಲೆ ಬೆರಳಿಟ್ಟು ತೋರಿಸುವವರು ಬೇಕು, ಅಷ್ಟೇ.

ಕೈಪಿಡಿಯ ಒಂದು ನಮೂದನ್ನು ಓದುವಾಗ ಐದು ಪ್ರಶ್ನೆಗಳನ್ನು ಕೇಳಿಸಬೇಕೆಂದು ನಾನು ಸೂಚಿಸುತ್ತೇನೆ.

1. ಇದು ಏನನ್ನು, ಯಾರಿಗೆ ಮಿತಿಗೊಳಿಸುತ್ತದೆ?
2. ಇದರ ಏಕಮಾನ ಯಾವುದು? ವರ್ಕ್ ಮೆಮ್‌ಗೆ ಬರಿಯ 64 ಎಂದು ಬರೆದರೆ ಅದು 64 ಕೆಬಿ ಆಗುತ್ತದೆ. ಶೇರ್ಡ್ ಬಫರ್ಸ್‌ಗೆ ಬರಿಯ 128 ಎಂದು ಬರೆದರೆ ಸಾಮಾನ್ಯವಾಗಿ 8 ಕೆಬಿಯ 128 ಬ್ಲಾಕ್‌ಗಳು, ಅಂದರೆ 1 ಎಂಬಿ ಮಾತ್ರ.
3. ಪೂರ್ವನಿಗದಿತ ಮೌಲ್ಯ ಎಷ್ಟು?
4. ಬದಲಾವಣೆ ಯಾವಾಗ ಜಾರಿಗೆ ಬರುತ್ತದೆ? ವರ್ಕ್ ಮೆಮ್ ಅನ್ನು ನಮ್ಮ ಸೆಷನ್ನಿನಲ್ಲೇ ಬದಲಿಸಬಹುದು. ಶೇರ್ಡ್ ಬಫರ್ಸ್‌ಗೆ ಸರ್ವರನ್ನು ಮರುಚಾಲನೆ ಮಾಡಲೇಬೇಕು.
5. ಓದುತ್ತಿರುವ ಪುಟ ನಮ್ಮಲ್ಲಿರುವ ಆವೃತ್ತಿಯದೇ? ಹ್ಯಾಶ್ ಕ್ರಿಯೆಗಳಿಗೆ ವರ್ಕ್ ಮೆಮ್‌ನ ಎಷ್ಟು ಪಟ್ಟು ಸಿಗಬೇಕೆಂಬ ಗುಣಕ 14ನೇ ಆವೃತ್ತಿಯಲ್ಲಿ 1 ಇತ್ತು, 15ರಲ್ಲಿ 2 ಆಯಿತು.

ಓದಿದ್ದನ್ನು ಒರೆಗೆ ಹಚ್ಚುವುದೂ ಸುಲಭ. ಸಂಖ್ಯೆಗಳಷ್ಟೇ ಇರುವ ಎರಡು ಲಕ್ಷ ಸಾಲುಗಳ ಕೋಷ್ಟಕ ಮಾಡಿ, ಇಂಡೆಕ್ಸ್ ಇಲ್ಲದ ಅಂಕಣದ ಮೇಲೆ ವಿಂಗಡಿಸಲು ಹೇಳಿ, 'ಎಕ್ಸ್‌ಪ್ಲೇನ್ ಅನಲೈಸ್' ಆಜ್ಞೆಯಿಂದ ಅದರ ವಿವರ ನೋಡಲಿ. ವರ್ಕ್ ಮೆಮ್ 64 ಕೆಬಿ ಇದ್ದಾಗ ವಿಂಗಡಣೆ ಡಿಸ್ಕಿಗೆ ಹೋಗಿದೆ ಎಂದು ತೆರೆಯ ಮೇಲೆ ಕಾಣುತ್ತದೆ. 64 ಎಂಬಿಗೆ ಏರಿಸಿದಾಗ ಅದೇ ಕೆಲಸ ಮೆಮೊರಿಯಲ್ಲೇ ಮುಗಿಯುತ್ತದೆ. ಏಕಮಾನ ಮರೆತರೆ ಏನಾಗುತ್ತದೆ ಎಂಬುದಕ್ಕೂ ಇದೇ ಪ್ರಯೋಗ ಸಾಕ್ಷಿ. ವಿಜ್ಞಾನದ ಪಾಠದಲ್ಲಿ ನಾವು ಹೇಳುವ ಊಹೆ, ಪ್ರಯೋಗ, ವೀಕ್ಷಣೆ, ತೀರ್ಮಾನ ಎಲ್ಲವೂ ಒಂದೇ ಅವಧಿಯಲ್ಲಿ ಬಂದುಹೋಗುತ್ತವೆ.

ಇದಕ್ಕೆ ಆಕ್ಷೇಪಗಳಿವೆ. 'ಪರೀಕ್ಷೆಯಲ್ಲಿ ಮೆಮೊರಿ ಸೆಟ್ಟಿಂಗ್ ಕೇಳುವುದಿಲ್ಲ, ಪಠ್ಯ ಮುಗಿಸುವುದೇ ಕಷ್ಟ' ಎಂಬುದು ಮೊದಲನೆಯದು. ನಿಜ, ಕೇಳುವುದಿಲ್ಲ. ಅದಕ್ಕೇ ಇದನ್ನು ಒಂದೇ ಅವಧಿಗೆ ಸೀಮಿತಗೊಳಿಸಿ ಎನ್ನುತ್ತೇನೆ. ಕಲಿಯಬೇಕಾದದ್ದು ಓದುವ ಕ್ರಮ, ಸೆಟ್ಟಿಂಗ್ ಬರಿಯ ನೆಪ.

'ಕೈಪಿಡಿ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಎಟುಕದು' ಎಂಬ ಎರಡನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಆದರೆ ಕೈಪಿಡಿಯ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ. ಅದೇ ಕೆಲವು ಪದಗಳು, ಅದೇ ವಾಕ್ಯರಚನೆ ಮತ್ತೆ ಮತ್ತೆ ಬರುತ್ತವೆ. ನಾಲ್ಕು ಸಾಲಿನ ಒಂದು ನಮೂದನ್ನು ಹಲಗೆಯ ಮೇಲೆ ಬರೆದು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿದರೆ ಐದನೇ ನಮೂದನ್ನು ಮಕ್ಕಳೇ ಬಿಡಿಸುತ್ತಾರೆ. ಈ ಕೆಲಸವನ್ನು ತರಗತಿಯಲ್ಲಿ ಮಾಡದಿದ್ದರೆ ಆ ಮಗು ಮುಂದೆ ಕೆಲಸಕ್ಕೆ ಸೇರಿದಾಗಲೂ ಇನ್ನೊಬ್ಬರು ಹೇಳಿದ ಅಂಕಿಗೇ ಕಾಯುತ್ತಿರಬೇಕಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಸಹಪಾಠಿ ಅಷ್ಟರಲ್ಲಿ ಮೂಲವನ್ನೇ ಓದಿ ಮುಂದೆ ಹೋಗಿರುತ್ತಾನೆ. ಈ ಅಂತರವನ್ನು ತಗ್ಗಿಸುವುದು ಶಿಕ್ಷಕರ ಕೆಲಸವಲ್ಲದೆ ಮತ್ತಾರದು?

ನಮ್ಮ ಕಾಲೇಜುಗಳಿಗೆ ನನ್ನ ಸಲಹೆ ಎರಡೇ. ಗಣಕ ವಿಜ್ಞಾನ ಬೋಧನಾ ಪದ್ಧತಿಯ ಅಭ್ಯಾಸ ಪಾಠಗಳಲ್ಲಿ ಒಂದನ್ನು ಕೈಪಿಡಿಯ ಒಂದು ಪುಟದ ಮೇಲೆಯೇ ಯೋಜಿಸಲು ಪ್ರಶಿಕ್ಷಣಾರ್ಥಿಗಳಿಗೆ ಹೇಳೋಣ. ಪಾಠ ವೀಕ್ಷಣಾ ನಮೂನೆಯಲ್ಲಿ ಧ್ವನಿ, ಹಲಗೆ ಬಳಕೆ, ತರಗತಿ ನಿರ್ವಹಣೆಗಳ ಜೊತೆಗೆ ಇನ್ನೊಂದು ಅಂಶವನ್ನು ಸೇರಿಸೋಣ: 'ಹೇಳಿದ ಮೌಲ್ಯಗಳ ಮೂಲವನ್ನೂ ಷರತ್ತನ್ನೂ ತಿಳಿಸಿದರೇ?' ಇದಕ್ಕೆ ಹಣ ಬೇಕಿಲ್ಲ, ಹೊಸ ಉಪಕರಣವೂ ಬೇಕಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತು ಅದರ ಕೈಪಿಡಿ ಎರಡೂ ಉಚಿತ. ಮುಂದಿನ ಅಭ್ಯಾಸ ಬೋಧನೆಯ ಅವಧಿಯಲ್ಲೇ ಆರಂಭಿಸಬಹುದು.